ಎರಡನೆಯ ಖಾನೆಯಲ್ಲಿ ಏನು ಬರೆಯೋಣ?

(ನಮ್ಮ ಕನ್ನಡ ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯ ಮೇಲೆ ನಾನು ಇದುವರೆಗೆ ಎರಡೇ ಸಲ ಮೈಕ್ ಹಿಡಿದಿದ್ದೇನೆ. ಒಮ್ಮೆ ಜೋಳದ ರೊಟ್ಟಿ ಬಡಿಯುವುದನ್ನು ತೋರಿಸಲು, ಇನ್ನೊಮ್ಮೆ ರಾಜ್ಯೋತ್ಸವದ ವಂದನಾರ್ಪಣೆಗೆ. ಈ ಸಲ ಸಂಚಾಲಕಿಯವರು ಫೋನ್ ಮಾಡಿ, "ಮಿಲಿಟರಿ ಸೇರೋ ಹೆಣ್ಣುಮಕ್ಕಳ ಬಗ್ಗೆ ನೀವೇ ಮಾತಾಡಬೇಕು, ನಿಮ್ಮ ಮಗಳು ಹೋಗ್ತಾಳಂತಲ್ಲ" ಎಂದರು. "ಇನ್ನೂ ಹೋಗಿಲ್ಲ ಕಣ್ರೀ, ಒಂದು ಸಲ ಹೋಗಿ ವಾಪಸ್ ಬಂದಿದ್ದಾಳೆ" ಎಂದೆ. "ಹಾಗಾದ್ರೆ ಅದನ್ನೇ ಹೇಳಿ" ಎಂದರು. ಅದನ್ನೇ ಹೇಳುತ್ತೇನೆ.

ನಾವು ಹಜೀರಾದವರು. ಸೇನೆ ಅಂದರೆ ಎಲ್ಲೋ ಕಾಶ್ಮೀರದಲ್ಲಿ ಇರುವುದು ಅಂದುಕೊಂಡಿದ್ದೇವೆ. ಆದರೆ ನಮ್ಮ ಮನೆಯ ಗಂಡಸರು ಶಿಫ್ಟ್‌ಗೆ ಹೋಗುವ ದಾರಿಯಲ್ಲೇ ಸೇನೆ ಇದೆ. ಹಿಮಾಲಯದ ಗಡಿಯಲ್ಲಿ ನಿಂತಿರುವ ಕೆ-9 ವಜ್ರ ಫಿರಂಗಿ ತಯಾರಾಗಿದ್ದು ಇಲ್ಲಿ, ಎಲ್ ಆ್ಯಂಡ್ ಟಿ ಕಾರ್ಖಾನೆಯಲ್ಲಿ. 2019ರ ಜನವರಿ 19ರಂದು ಪ್ರಧಾನಿಯವರು ಬಂದು ಆ ಘಟಕವನ್ನು ಉದ್ಘಾಟಿಸಿದ ದಿನ ನಿಮಗೆಲ್ಲ ನೆನಪಿರಬಹುದು. 100 ಫಿರಂಗಿಗಳ ಮೊದಲ ಆರ್ಡರ್‌ನ ಕೊನೆಯದು 2021ರ ಫೆಬ್ರವರಿಯಲ್ಲಿ ಹೊರಟಿತು. ಅರಿಹಂತ್ ಅಣು ಸಬ್‌ಮರೀನ್‌ನ ಒಡಲಿನ ಭಾಗಗಳು ಸಿದ್ಧವಾಗಿದ್ದೂ ಹಜೀರಾದಲ್ಲೇ. ಕೋಸ್ಟ್ ಗಾರ್ಡ್‌ನ ವೇಗದ ದೋಣಿಗಳೂ ಇಲ್ಲಿಂದ ನೀರಿಗಿಳಿದಿವೆ.

ಇನ್ನೂ ಹಿಂದಕ್ಕೆ ಹೋದರೆ, ಭಾನುವಾರ ನಾವು ಮಕ್ಕಳನ್ನು ಕಟ್ಟಿಕೊಂಡು ಭುಟ್ಟಾ ತಿನ್ನಲು ಹೋಗುವ ಸುವಾಲಿ ಬೀಚ್ ಇದೆಯಲ್ಲ, 1612ರಲ್ಲಿ ಅದೇ ಸಮುದ್ರದಲ್ಲಿ ಇಂಗ್ಲಿಷರಿಗೂ ಪೋರ್ಚುಗೀಸರಿಗೂ ಕಾಳಗ ನಡೆಯಿತು. ಆ ವರ್ಷ ಸೂರತ್‌ಗೆ ಬಂದ ಕಂಪನಿಯ ಹಡಗುಗಳಿಂದಲೇ ಭಾರತೀಯ ನೌಕಾಪಡೆಯ ಇತಿಹಾಸವನ್ನು ಬರೆಯಲು ಶುರು ಮಾಡುತ್ತಾರೆ. ಇಷ್ಟೆಲ್ಲದರ ನಡುವೆ ಇದ್ದೂ, ಮಗಳು "ನಾನು ಡಿಫೆನ್ಸ್ ಸೇರ್ತೀನಿ" ಎಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ನಮ್ಮ ಮನೇಲಿ ಯಾರಿದಾರೆ ಅಂಥವರು?"

ಇದ್ದರು. ನಾನು ಮರೆತಿದ್ದೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

2022ರ ಜನವರಿ. ಉತ್ತರಾಯಣಕ್ಕೆ ನಾಲ್ಕೈದು ದಿನ ಇತ್ತು. ಟೆರೇಸ್ ತುಂಬಾ ಗಾಳಿಪಟದ ಗದ್ದಲ. ಹನ್ನೆರಡನೇ ಕ್ಲಾಸಿನಲ್ಲಿದ್ದ ಮಗಳು ಮಾತ್ರ ಕೆಳಗೆ ಕಂಪ್ಯೂಟರ್ ಮುಂದೆ ಕೂತು ಎನ್‌ಡಿಎ ಪರೀಕ್ಷೆಯ ಅರ್ಜಿ ತುಂಬುತ್ತಿದ್ದಳು. ಅದಕ್ಕೂ ಕೆಲವೇ ತಿಂಗಳ ಹಿಂದೆ, 2021ರ ಆಗಸ್ಟ್ 18ರಂದು, ಹೆಣ್ಣುಮಕ್ಕಳೂ ಆ ಪರೀಕ್ಷೆ ಬರೆಯಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅಲ್ಲಿಯವರೆಗೆ ಖಡಕ್‌ವಾಸ್ಲಾದ ಆ ಗೇಟು ಗಂಡುಮಕ್ಕಳಿಗೆ ಮಾತ್ರ. ಈಗ ತೆರೆದಿದ್ದರೂ ಇಡೀ ದೇಶದ ಹೆಣ್ಣುಮಕ್ಕಳಿಗೆ ಇದ್ದದ್ದು 19 ಸೀಟು: ಭೂಸೇನೆಗೆ 10, ವಾಯುಪಡೆಗೆ 6, ನೌಕಾಪಡೆಗೆ 3.

ಆ ಅರ್ಜಿಯಲ್ಲಿ ಒಂದು ಜಾಗ ಇದೆ. ಯಾವ ಪಡೆ ಮೊದಲು, ಯಾವುದು ಎರಡನೆಯದು, ಯಾವುದು ಮೂರನೆಯದು ಎಂದು ಕ್ರಮವಾಗಿ ಬರೆಯಬೇಕು. ಬರೆಯದೆ ಬಿಟ್ಟ ಪಡೆಗೆ ನಿಮ್ಮನ್ನು ಪರಿಗಣಿಸುವುದೇ ಇಲ್ಲ. ಮಗಳು ಮೊದಲನೆಯದಕ್ಕೆ ವಾಯುಪಡೆ, ಹಾರಾಟ ಎಂದು ಕಣ್ಣು ಮುಚ್ಚಿ ಹಾಕಿದಳು. ಅವಳ ರೂಮಿನ ಗೋಡೆಯ ಮೇಲೆ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಅವರ ಚಿತ್ರ ಇತ್ತು. 2016ರಲ್ಲಿ ಫೈಟರ್ ವಿಭಾಗಕ್ಕೆ ಆಯ್ಕೆಯಾದ ಮೊದಲ ಮೂವರು. ಅವರು ಹಾಕ್ ಜೆಟ್ ಕಲಿತದ್ದು ನಮ್ಮ ಬೀದರ್‌ನಲ್ಲಿ. ಆಮೇಲೆ 2018ರಲ್ಲಿ ಚಿಕ್ಕಮಗಳೂರಿನ ಮೇಘನಾ ಶಾನುಭೋಗ್ ಕೂಡ ಫೈಟರ್ ಪೈಲಟ್ ಆದರು. ಹೀಗಾಗಿ ಮೊದಲ ಖಾನೆಯ ಬಗ್ಗೆ ಚರ್ಚೆಯೇ ಇಲ್ಲ.

ಎರಡನೆಯ ಖಾನೆಗೆ ಬಂದಾಗ ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಚಪಾತಿ ಹಿಟ್ಟಿನ ಕೈಯಲ್ಲೇ, "ನೇವಿ ಹಾಕು. ಆರ್ಮಿ ಕೊನೆಗಿರಲಿ" ಎಂದೆ.

"ಯಾಕಮ್ಮಾ?"

"ನೇವಿ ಅಂದ್ರೆ ಮುಂಬೈ, ಕೊಚ್ಚಿ, ಕಾರವಾರ. ಆರ್ಮಿ ಅಂದ್ರೆ ಗಡಿ."

ಇಷ್ಟೇ ನನ್ನ ತರ್ಕ. ಅದರ ಹಿಂದೆ ಇದ್ದದ್ದು ಭಯ. ಅದೇ ಹುಡುಗಿ ಹಿಂದಿನ ವರ್ಷ ಹಜೀರಾದಿಂದ ಘೋಘಾಕ್ಕೆ ರೋ-ಪ್ಯಾಕ್ಸ್ ಫೆರಿಯಲ್ಲಿ ಹೋಗುವಾಗ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ನನ್ನ ತೊಡೆಯ ಮೇಲೆ ಮಲಗಿದ್ದಳು. ಅದು ನನಗೆ ನೆನಪಾಗಲಿಲ್ಲ. ಸಮುದ್ರದ ವಾಂತಿ ಅಭ್ಯಾಸವಾದರೆ ಹೋಗುತ್ತದೆ, ಅದು ದೊಡ್ಡ ಮಾತಲ್ಲ ಬಿಡಿ. ದೊಡ್ಡ ಮಾತು ಏನೆಂದರೆ, ಸಮುದ್ರ ಅವಳಿಗೆ ಇಷ್ಟವೇ ಎಂದು ನಾನು ಕೇಳಲೇ ಇಲ್ಲ. ಎರಡನೇ ಖಾನೆ ನನ್ನದು, ಮೂರನೇ ಖಾನೆ ಉಳಿದದ್ದು. ಎರಡು ನಿಮಿಷದಲ್ಲಿ ಮುಗಿಯಿತು.

ಏಪ್ರಿಲ್‌ನಲ್ಲಿ ಲಿಖಿತ ಪರೀಕ್ಷೆ. ಪಾಸಾದಳು. ಮಳೆಗಾಲದಲ್ಲಿ ಗಾಂಧಿನಗರದ ವಾಯುಪಡೆ ಆಯ್ಕೆ ಮಂಡಳಿಯಿಂದ ಎಸ್‌ಎಸ್‌ಬಿ ಸಂದರ್ಶನಕ್ಕೆ ಕರೆ ಬಂತು. ಇಂಥದ್ದೇ ಮಂಡಳಿ ಮೈಸೂರಿನಲ್ಲೂ ಇದೆ. ಎಸ್‌ಎಸ್‌ಬಿ ಅಂದರೆ ಒಂದು ಗಂಟೆಯ ಇಂಟರ್‌ವ್ಯೂ ಅಲ್ಲ, ಐದು ದಿನದ ವಾಸ. ಮೊದಲ ದಿನವೇ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ವಾಪಸ್ ಕಳಿಸಿಬಿಡುವುದು ಅಲ್ಲಿ ಮಾಮೂಲು. ಉಳಿದವರಿಗೆ ಚಿತ್ರ ನೋಡಿ ಕಥೆ ಬರೆಯುವುದು, ಗುಂಪಿನಲ್ಲಿ ಹಗ್ಗ ಹಲಗೆ ಹಿಡಿದು ಅಡ್ಡಿ ದಾಟುವುದು, ಮನೆ ಬಗ್ಗೆ ಊರಿನ ಬಗ್ಗೆ ಪ್ರಶ್ನೆ. ಇವಳು ಕೊನೆಯ ದಿನದವರೆಗೂ ಉಳಿದಳು. ಶಿಫಾರಸೂ ಆಯಿತು. ನಾವು ಇಲ್ಲಿ ಪೇಡಾ ತಂದಿಟ್ಟೆವು.

ಆದರೆ ಪೈಲಟ್ ಆಗುವವರಿಗೆ ಇನ್ನೊಂದು ಪರೀಕ್ಷೆ ಇದೆ. ಕಂಪ್ಯೂಟರ್ ಮುಂದೆ ಕೂರಿಸಿ, ಕೈ ಕಾಲು ಕಣ್ಣು ಒಟ್ಟಿಗೆ ಓಡುತ್ತವೆಯೇ ಎಂದು ನೋಡುತ್ತಾರೆ. ಸಿಪಿಎಸ್‌ಎಸ್ ಎನ್ನುತ್ತಾರೆ. ಅದನ್ನು ಜೀವಮಾನದಲ್ಲಿ ಒಂದೇ ಸಲ ಬರೆಯಬಹುದು. ಫೇಲಾದರೆ ಮತ್ತೆ ಯಾವ ದಾರಿಯಿಂದ ಬಂದರೂ ವಾಯುಪಡೆಯ ಪೈಲಟ್ ಆಗುವ ಹಾಗಿಲ್ಲ.

ಸಂಜೆ ಫೋನ್ ಬಂತು. "ಅಮ್ಮಾ, ಸಿಪಿಎಸ್‌ಎಸ್ ಹೋಯ್ತು" ಎಂದಳು. ಅಷ್ಟೇ. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಹದಿನೇಳು ವರ್ಷದ ಹುಡುಗಿಗೆ "ಇನ್ನು ಜೀವಮಾನದಲ್ಲಿ ಇಲ್ಲ" ಎನ್ನುವ ಮಾತು ಎಷ್ಟು ಭಾರ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆಗ ಲೆಕ್ಕಕ್ಕೆ ಬಂದದ್ದು ನಾನು ಹಿಟ್ಟಿನ ಕೈಯಲ್ಲಿ ಬರೆಸಿದ ಎರಡನೇ ಖಾನೆ. ಶಿಫಾರಸು ಆದವರನ್ನು ಅಂಕ, ಅವರು ಕೊಟ್ಟ ಕ್ರಮ, ವೈದ್ಯಕೀಯ ಪರೀಕ್ಷೆ ನೋಡಿ ಹಂಚುತ್ತಾರೆ. ಮೆರಿಟ್ ಪಟ್ಟಿಯಲ್ಲಿ ಕೊನೆಗೂ ಅವಳ ಹೆಸರು ಬರಲಿಲ್ಲ. ಆದರೆ ಪಟ್ಟಿಗೆ ಕಾಯುತ್ತಿದ್ದ ಆ ವಾರಗಳಲ್ಲಿ ಒಂದು ರಾತ್ರಿ ಅವಳು ಹೇಳಿದ ಮಾತು ನನಗೆ ಈಗಲೂ ಚುಚ್ಚುತ್ತದೆ: "ಅಮ್ಮಾ, ನೇವಿ ಸಿಕ್ಕಿದ್ರೆ ಖುಷಿ ಪಡಬೇಕಾ ಬೇಡವಾ ಅಂತಾನೂ ನಂಗೆ ಗೊತ್ತಿಲ್ಲ. ನಾನು ಅದರ ಬಗ್ಗೆ ಯೋಚನೇನೇ ಮಾಡಿಲ್ಲ."

ಈ ಮಾತಿಗಾಗಿಯೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ಮಕ್ಕಳು ಮೊದಲ ಖಾನೆಯನ್ನು ಕನಸಿನಿಂದ ತುಂಬುತ್ತಾರೆ. ಎರಡನೆಯದನ್ನು ನಾವು ಭಯದಿಂದ ತುಂಬಿಸುತ್ತೇವೆ. ಆದರೆ ಹೆಚ್ಚಿನ ಮಕ್ಕಳು ಬದುಕುವುದು ಎರಡನೆಯ ಅಥವಾ ಮೂರನೆಯ ಖಾನೆಯಲ್ಲಿ.

ಈಗ ಮರೆತವರ ವಿಷಯ. ನನ್ನ ತವರು ಬೆಳಗಾವಿ ಜಿಲ್ಲೆ. ನಮ್ಮ ಕಾಕಾ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಆ ಪಡೆಯ ತರಬೇತಿ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದ ನಮ್ಮ ಕಡೆ ಊರಿಗೆ ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಫೋನ್ ಮಾಡಿ ಅತ್ತೆ. ಕಾಕಾ ಕೇಳಿಸಿಕೊಂಡು ಹೇಳಿದರು:

"ನೋಡವಾ, ಪರೇಡ್ ದಿನಾ ಎಲ್ಲಾರೂ ಚೆಂದ ಕಾಣ್ತಾರ. ಯುದ್ಧದ ದಿನಾ ಎಲ್ಲಾರೂ ಒಂದ ಥರಾ. ನೌಕರಿ ಅಂದ್ರ ಅವೆರಡೂ ಅಲ್ಲ. ಸಾದಾ ಮಂಗಳವಾರ ಮುಂಜಾನೆ ಹತ್ತಕ್ಕ ಏನ್ ಕೆಲಸ ಮಾಡಬೇಕಾಗ್ತದ, ಅದನ್ನ ಕೇಳು. ಆ ಕೆಲಸ ನಿನ್ನ ಮಗಳಿಗೆ ಸೇರ್ತದೋ ಇಲ್ಲೋ, ಅಷ್ಟ ನೋಡು. ಬಣ್ಣಾ ನೋಡಬ್ಯಾಡ."

ಆ ಮಾತು ಹಿಡಿದುಕೊಂಡು ನಾನೂ ಮಗಳೂ ಒಂದು ನೋಟ್‌ಬುಕ್ ಮಾಡಿದೆವು. ಮೇಲೆ ‘ಮಂಗಳವಾರ’ ಎಂದು ಬರೆದು, ಗೊತ್ತಿದ್ದವರನ್ನೆಲ್ಲ ಕೇಳಿದೆವು. ಅದರ ಸಾರ ಹೇಳುತ್ತೇನೆ.

ಭೂಸೇನೆಯ ಮಂಗಳವಾರ ಅಂದರೆ ಜನ. ಇಪ್ಪತ್ತೆರಡು, ಇಪ್ಪತ್ತಮೂರು ವರ್ಷದ ಅಧಿಕಾರಿಯ ಕೈಕೆಳಗೆ ತಂದೆಯ ವಯಸ್ಸಿನ ಸುಬೇದಾರರು ಇರುತ್ತಾರೆ. ಅವರ ರಜೆ, ಅವರ ಮನೆ ಕಷ್ಟ, ಅವರ ಓಟ, ಅವರ ಊಟ ಎಲ್ಲ ನಿಮ್ಮದು. ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ಒಮ್ಮೆ ಊರು, ಒಮ್ಮೆ ಬೆಟ್ಟ. ಇದರಲ್ಲೂ ನೂರು ಕೆಲಸ: ಸಂಪರ್ಕ ಜಾಲ ನೋಡುವ ಸಿಗ್ನಲ್ಸ್, ಸೇತುವೆ ಕಟ್ಟುವ ಎಂಜಿನಿಯರ್ಸ್, ಯಂತ್ರ ರಿಪೇರಿ ಮಾಡುವ ಇಎಂಇ, ಸಾಮಾನು ಸಾಗಿಸುವ ಎಎಸ್‌ಸಿ, ಕಾನೂನು ಓದಿದವರಿಗೆ ಜಡ್ಜ್ ಅಡ್ವೊಕೇಟ್ ವಿಭಾಗ. ಕಾಲಾಳು ಪಡೆ ಮತ್ತು ಟ್ಯಾಂಕ್ ಪಡೆ ಈ ಹೊತ್ತಿಗೂ ಹೆಣ್ಣುಮಕ್ಕಳಿಗೆ ತೆರೆದಿಲ್ಲ. ಫಿರಂಗಿ ಪಡೆ ತೆರೆದಿದೆ. 2023ರ ಏಪ್ರಿಲ್ 29ರಂದು ಚೆನ್ನೈ ಅಕಾಡೆಮಿಯಿಂದ ಹೊರಬಂದ ಐವರು ಹೆಣ್ಣುಮಕ್ಕಳು ಮೊದಲ ಬಾರಿಗೆ ಅಲ್ಲಿಗೆ ಸೇರಿದರು. ಅಂದರೆ, ನಮ್ಮ ಹಜೀರಾದಲ್ಲಿ ನಮ್ಮ ಗಂಡಂದಿರು ಬೆಸುಗೆ ಹಾಕಿದ ಫಿರಂಗಿಯ ಪಕ್ಕ ನಮ್ಮಂಥವರ ಮಗಳು ನಿಂತು ಹುಕುಂ ಕೊಡುವ ಕಾಲ ಬಂದಿದೆ.

ನೌಕಾಪಡೆಯ ಮಂಗಳವಾರ ಅಂದರೆ ಹಡಗು. ನಾಲ್ಕು ನಾಲ್ಕು ತಾಸಿನ ಕಾವಲು, ಇಕ್ಕಟ್ಟಾದ ಜಾಗ, ವಾರಗಟ್ಟಲೆ ಮನೆಯ ಫೋನ್ ಇಲ್ಲ. ಅದರ ಬದಲಿಗೆ ಸಮುದ್ರ. ಆರು ಮಂದಿ ಮಹಿಳಾ ಅಧಿಕಾರಿಗಳು ತಾರಿಣಿ ಎಂಬ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ, 2018ರ ಮೇ ತಿಂಗಳಲ್ಲಿ ಮತ್ತೆ ಗೋವಾಕ್ಕೇ ಬಂದರು. ಇದನ್ನು ಕೇಳಿ ಮೈ ಜುಮ್ಮೆನ್ನುವ ಹುಡುಗಿಗೆ ನೌಕಾಪಡೆ. ಅದರ ಅಕಾಡೆಮಿ ಎಳಿಮಲದಲ್ಲಿ, ಕಾಸರಗೋಡಿನ ಪಕ್ಕದ ಕಣ್ಣೂರು ಜಿಲ್ಲೆಯಲ್ಲಿ. ದಕ್ಷಿಣ ಕನ್ನಡದವರಿಗೆ ನೆರೆಮನೆ ಇದ್ದಂತೆ.

ವಾಯುಪಡೆ ಅಂದರೆ ಪೈಲಟ್ ಮಾತ್ರ ಎಂದು ನಾವೂ ತಿಳಿದಿದ್ದೆವು. ಅಲ್ಲ. ಒಂದು ವಿಮಾನ ಹಾರಬೇಕಾದರೆ ನೆಲದ ಮೇಲೆ ಎಷ್ಟೋ ಜನ ದುಡಿಯಬೇಕು. ಎಂಜಿನ್ ನೋಡುವವರು, ರೇಡಾರ್ ನೋಡುವವರು, ಹವಾಮಾನ ಹೇಳುವವರು, ಲೆಕ್ಕ ಇಡುವವರು. ಅಲ್ಲಿನ ಎಂಜಿನಿಯರ್ ಅಧಿಕಾರಿಗಳ ತರಬೇತಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ನಡೆಯುತ್ತದೆ. ಮಂಗಳವಾರ ಬೆಳಿಗ್ಗೆ ಅವರ ಒಂದು ಸಹಿಯ ಮೇಲೆ ಇನ್ನೊಬ್ಬರ ಜೀವ ಆಕಾಶಕ್ಕೆ ಏರುತ್ತದೆ.

ಕೋಸ್ಟ್ ಗಾರ್ಡ್ ಇವು ಮೂರರಲ್ಲಿ ಸೇರಿಲ್ಲ. 1978ರ ಕಾಯಿದೆಯಿಂದ ಹುಟ್ಟಿದ ಬೇರೆ ಪಡೆ, ರಕ್ಷಣಾ ಸಚಿವಾಲಯದ ಕೆಳಗೇ ಇದೆ. ಕೆಟ್ಟು ನಿಂತ ಮೀನುಗಾರರ ದೋಣಿ ಹುಡುಕುವುದು, ಕಳ್ಳಸಾಗಣೆ ತಡೆಯುವುದು, ಚೆಲ್ಲಿದ ಎಣ್ಣೆ ತೆಗೆಯುವುದು ಅವರ ಕೆಲಸ. ಗುಜರಾತಿನ ಕರಾವಳಿಯಲ್ಲಿ ಇರುವ ನಾವು ಅವರನ್ನು ಚಂಡಮಾರುತದ ಸುದ್ದಿಯಲ್ಲಿ ಮಾತ್ರ ನೆನೆಯುತ್ತೇವೆ.

ಇನ್ನು ಕೆಲವು ಮಾತು, ಬರೆದುಕೊಳ್ಳಿ.

ಒಂದು, ಅರ್ಜಿಗೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಹಾರಾಟಕ್ಕೆ ದೃಷ್ಟಿಯ ನಿಯಮ ಬಹಳ ಬಿಗಿ. ಬಣ್ಣ ಗುರುತಿಸುವ ತೊಂದರೆ ಇದೆಯೇ ಎಂದೂ ನೋಡಿಸಿ. ನಾಲ್ಕು ವರ್ಷ ಕನಸು ಕಂಡ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಮೇಲು.

ಎರಡು, ಎನ್‌ಡಿಎ ತಪ್ಪಿದರೆ ಬಾಗಿಲು ಮುಚ್ಚಿತು ಎಂದಲ್ಲ. ಪದವಿ ಆದವರಿಗೆ ಸಿಡಿಎಸ್ ಪರೀಕ್ಷೆಯ ಮೂಲಕ ಚೆನ್ನೈ ಅಕಾಡೆಮಿ, ವಾಯುಪಡೆಗೆ ಎಎಫ್‌ಕ್ಯಾಟ್, ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಇದ್ದವರಿಗೆ ಬೇರೆ ದಾರಿ, ಎಂಜಿನಿಯರಿಂಗ್ ಓದಿದವರಿಗೆ ಲಿಖಿತ ಪರೀಕ್ಷೆ ಇಲ್ಲದೆ ಅಂಕದ ಮೇಲೆ ನೇರ ಎಸ್‌ಎಸ್‌ಬಿಗೆ ಕರೆಯುವ ಟೆಕ್ನಿಕಲ್ ಎಂಟ್ರಿ. ಮಿಲಿಟರಿ ನರ್ಸಿಂಗ್ ಸೇವೆಯಂತೂ ನಮ್ಮ ಅಜ್ಜಿಯರ ಕಾಲದಿಂದ ಇದೆ.

ಮೂರು, ಅಗ್ನಿವೀರರಾಗಿ ಸೇರುವುದೂ ಅಧಿಕಾರಿಯಾಗಿ ಸೇರುವುದೂ ಬೇರೆ ಬೇರೆ. ಅಗ್ನಿವೀರರಿಗೆ ನಾಲ್ಕು ವರ್ಷ. ಆಮೇಲೆ ಶೇಕಡಾ 25ರವರೆಗೆ ಮಾತ್ರ ಮುಂದುವರಿಕೆ. 2023ರ ಮಾರ್ಚ್‌ನಲ್ಲಿ ಒಡಿಶಾದ ಚಿಲ್ಕಾದಿಂದ ಹೊರಬಂದ ನೌಕಾಪಡೆಯ ಮೊದಲ ತಂಡದಲ್ಲಿ 273 ಹೆಣ್ಣುಮಕ್ಕಳಿದ್ದರು. ಒಳ್ಳೆಯ ದಾರಿಯೇ, ಆದರೆ ಇಪ್ಪತ್ತೆರಡಕ್ಕೋ ಇಪ್ಪತ್ತಮೂರಕ್ಕೋ ಹೊರಬಂದರೆ ಮುಂದೇನು ಎಂದು ಮನೆಯಲ್ಲಿ ಕೂತು ಮಾತಾಡಿಯೇ ಕಳಿಸಿ.

ನಾಲ್ಕು, "ಹೆಣ್ಣುಮಕ್ಕಳಿಗೆ ಅಲ್ಲಿ ಹತ್ತು ಹದಿನಾಲ್ಕು ವರ್ಷ ಅಷ್ಟೇ" ಎಂದು ಯಾರಾದರೂ ಹೇಳಿದರೆ ಅದು ಹಳೆಯ ಮಾತು. 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಮೇಲೆ ಭೂಸೇನೆಯಲ್ಲೂ ಮಹಿಳಾ ಅಧಿಕಾರಿಗಳಿಗೆ ಕಾಯಂ ಕಮಿಷನ್‌ನ ಅವಕಾಶ ಇದೆ.

"ಮದುವೆ ಹೇಗೆ?" ಎಂದು ನನ್ನನ್ನು ಕೇಳದವರಿಲ್ಲ. ಅದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. 2025ರ ಮೇ 7ರ ಬೆಳಿಗ್ಗೆ ನಾವೆಲ್ಲ ಟಿವಿ ಮುಂದೆ ಕೂತಿದ್ದಾಗ, ಆಪರೇಷನ್ ಸಿಂಧೂರದ ವಿವರ ಕೊಡಲು ಇಬ್ಬರು ಮಹಿಳೆಯರು ಬಂದರು. ವಾಯುಪಡೆಯ ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್, ಭೂಸೇನೆಯ ಕರ್ನಲ್ ಸೋಫಿಯಾ ಖುರೇಷಿ. ಕರ್ನಲ್ ಸೋಫಿಯಾ ನಮ್ಮ ವಡೋದರಾದ ಮಗಳು, ಅಲ್ಲಿನ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಓದಿದವರು. ಅವರು ಸೊಸೆಯಾಗಿದ್ದು ನಮ್ಮ ಬೆಳಗಾವಿ ಜಿಲ್ಲೆ ಗೋಕಾಕ್ ತಾಲ್ಲೂಕಿನ ಕೊಣ್ಣೂರಿನ ಮನೆಗೆ. ಗಂಡನೂ ಸೇನೆಯಲ್ಲೇ. ಗುಜರಾತಿನ ಮಗಳು, ಕನ್ನಡ ನಾಡಿನ ಸೊಸೆ! ಅವರ ವಿಭಾಗ ಸಿಗ್ನಲ್ಸ್. ಕಾಕಾನ ಭಾಷೆಯಲ್ಲಿ ಹೇಳಿದರೆ, ನಾವು ನೋಡಿದ್ದು ಅವರ ಒಂದು ಬುಧವಾರ; ಅದರ ಹಿಂದೆ 1999ರಿಂದ ಯಾರೂ ನೋಡದ ಸಾವಿರ ಮಂಗಳವಾರಗಳಿವೆ.

ಅವತ್ತು ಮಗಳು ಟಿವಿ ನೋಡುತ್ತಾ ಸಮವಸ್ತ್ರದ ಬಗ್ಗೆ ಏನೂ ಹೇಳಲಿಲ್ಲ. "ಅಮ್ಮಾ, ಸಿಗ್ನಲ್ಸ್‌ನವರಿಗೆ ಎಲೆಕ್ಟ್ರಾನಿಕ್ಸ್ ಬೇಕು ಅಲ್ವಾ?" ಎಂದಳು. ಅವಳು ಓದುತ್ತಿರುವುದು ಅದೇ, ಸೂರತ್‌ನಲ್ಲಿ, ಈಗ ಕೊನೆಯ ವರ್ಷ.

ಈ ಸಲ ಅರ್ಜಿ ತುಂಬಿದ್ದು ಅವಳು. ಭೂಸೇನೆಯ ಟೆಕ್ನಿಕಲ್ ಎಂಟ್ರಿ. ನಾನು ಯಾವುದಕ್ಕೆ ಅತಿ ಹೆಚ್ಚು ಹೆದರಿದ್ದೆನೋ ಅದೇ ಮೊದಲ ಆಯ್ಕೆ. "ಯಾಕೆ?" ಎಂದು ಕೇಳಿದೆ, ಈ ಸಲ ನಿಜವಾಗಿ ಕೇಳಿದೆ. "ಗಾಂಧಿನಗರದಲ್ಲಿ ಆ ಐದು ದಿನದಲ್ಲಿ ನಂಗೆ ತುಂಬ ಖುಷಿ ಆಗಿದ್ದು ಗುಂಪಿನ ಕೆಲಸ ಅಮ್ಮಾ. ಎಂಟು ಜನ ಸೇರಿ ಒಂದು ಹಲಗೆ ದಾಟಿಸಿದ್ದು. ಹಾರೋದು ನಾನು ಪೋಸ್ಟರ್‌ನಲ್ಲಿ ನೋಡಿದ್ದೆ. ಇದು ಮಾಡಿ ನೋಡಿದ್ದು" ಎಂದಳು. ಎರಡನೇ ಆಯ್ಕೆ ಎಂದು ವಾಯುಪಡೆಯ ನೆಲದ ಮೇಲಿನ ಟೆಕ್ನಿಕಲ್ ವಿಭಾಗಕ್ಕೂ ಬೇರೆ ಅರ್ಜಿ ಹಾಕಿದ್ದಾಳೆ. ಅದು ಸಿಕ್ಕರೂ ಸಂತೋಷವೇ ಎಂದು ಕಾರಣ ಸಮೇತ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಾಳೆ.

ಮುಂದಿನ ತಿಂಗಳು ಬೆಂಗಳೂರಿನಲ್ಲಿ ಎಸ್‌ಎಸ್‌ಬಿ. ಏನಾಗುತ್ತದೋ ಗೊತ್ತಿಲ್ಲ. ನನ್ನ ಭಯ ಹೋಗಿದೆ ಎಂದರೆ ಸುಳ್ಳಾಗುತ್ತದೆ. ರಾತ್ರಿ ಎಚ್ಚರವಾದರೆ ಗಡಿಯೇ ಕಣ್ಣ ಮುಂದೆ ಬರುತ್ತದೆ. ಆದರೆ ನನ್ನ ಭಯವನ್ನು ಅವಳ ಅರ್ಜಿಯಲ್ಲಿ ಬರೆಸುವ ಹಕ್ಕು ನನಗಿಲ್ಲ ಎಂದು ತಿಳಿದಿದೆ. ಅದಕ್ಕೆ ದೇವರ ಮುಂದೆ ದೀಪ ಇದೆ, ಕಾಕಾನ ಫೋನ್ ನಂಬರ್ ಇದೆ, ನೀವೆಲ್ಲ ಇದ್ದೀರಿ.

ಹಿಂದಿನ ಸಾಲಿನ ಮಕ್ಕಳೇ, ನೀವು ಅರ್ಜಿ ತುಂಬುವ ದಿನ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಮ್ಮಂದಿರೇ, ಕೈ ತೊಳೆದುಕೊಂಡು ಬಂದು ಕೂತುಕೊಳ್ಳಿ. ಎರಡನೇ ಖಾನೆ ಬಂದಾಗ ಉತ್ತರ ಹೇಳಬೇಡಿ, ಪ್ರಶ್ನೆ ಕೇಳಿ: "ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನೀನು ಏನು ಮಾಡ್ತಿರಬೇಕು ಮಗಳೇ?"

 ಜೈ ಹಿಂದ್, ಜೈ ಕರ್ನಾಟಕ.